ಇರಬಹುದು

ಸತ್ಯವ್ವ ಎಂಬ ಹಾಡುಗಾರ್ತಿಯೊಬ್ಬಳು ಇದ್ದಳೆಂದು ಜಗತ್ತಿಗೆ ತಿಳಿಸಿದವರು ನಮ್ಮ ಅನಂತ ಬೇವೂರ ಸರ್. ಜಗತ್ತು ಅಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಈ ಮೂರು ತಾಲೂಕು. ಅದಕ್ಕಿಂತ ದೊಡ್ಡ ಜಗತ್ತು ಸರ್‌ಗೂ ಬೇಕಾಗಿರಲಿಲ್ಲ.

ಹಳೇ ಬಾಗಲಕೋಟೆಯಲ್ಲಿ ಅವರ ಸೋದರಮಾವನ ಮನೆಯ ಅಟ್ಟದ ಮೇಲೆ ೧೯೭೯ರಲ್ಲಿ ಒಂದು ಕಾಗದದ ಕಟ್ಟು ಸಿಕ್ಕಿತ್ತು. ಕೆಂಪು ಅರಿವೆಯಲ್ಲಿ ಸುತ್ತಿಟ್ಟ, ಅಂಚೆಲ್ಲ ಮುರಿದ ಹಾಳೆಗಳು. ಅದರಲ್ಲಿ ನಲವತ್ತೊಂದು ಹಾಡು, ಎಲ್ಲವೂ ಬನಶಂಕರಿಯ ಮೇಲಿನವು. ಪ್ರತಿ ಹಾಡಿನ ಕೊನೆಗೂ ‘ಸತ್ಯವ್ವನ ಮಾತು ಕೇಳ ಬನದ ತಾಯಿ’ ಎಂಬ ಅಂಕಿತ. ಅವಳು ಯಾರು, ಯಾವ ಊರಿನವಳು, ಯಾವ ಕಾಲದವಳು, ಒಂದೂ ಇರಲಿಲ್ಲ. ಹದಿನೇಳನೆಯ ಹಾಡಿನಲ್ಲಿ ಮಾತ್ರ ‘ಕುಣಿಯೊಳಗೆ ಕುಳಿತು ಕಂಡೆ ನಿನ್ನ’ ಎಂದಿತ್ತು. ಅದರ ಮುಂದಿನ ಸಾಲನ್ನು ಹುಳ ತಿಂದಿತ್ತು. ‘ಕಾಲ’ ಎಂದು ಎರಡು ಅಕ್ಷರ, ಆಮೇಲೆ ಒಂದು ತೂತು, ಆಮೇಲೆ ‘ಜೀವ’, ಅಲ್ಲಿಗೆ ಹಾಳೆಯ ಅಂಚೇ ಮುರಿದಿತ್ತು.

ಸರ್ ಆ ತೂತನ್ನು ತುಂಬಿದರು: ‘ಕಾಲನ ಕೈಯೊಳಗೆ ಜೀವವಿಟ್ಟೆ’. ಕುಣಿ ಎಂದರೆ ತಗ್ಗು. ತಗ್ಗಿನಲ್ಲಿ ಕುಳಿತು ಯಮನ ಕೈಗೆ ಜೀವ ಕೊಟ್ಟವಳು ಸಜೀವ ಸಮಾಧಿಯಾದವಳೇ ಸೈ. ಇನ್ನೊಂದು ಹಾಡಿನಲ್ಲಿ ‘ಹಳ್ಳದ ಬಲಕ ಎರಡು ಬನ್ನಿ’ ಎಂದಿತ್ತು. ಸರ್ ಸೈಕಲ್ ಹೊಡೆದುಕೊಂಡು ಬಾದಾಮಿ ಸೀಮೆಯನ್ನೆಲ್ಲ ಸುತ್ತಿದರು. ಬನಶಂಕರಿಯಿಂದ ಎರಡು ಮೈಲು ಆಚೆ, ಒಂದು ಹಳ್ಳಿಯ ಹೊರಗೆ, ಹಳ್ಳದ ಬಲದಂಡೆಗೆ ಎರಡು ಬನ್ನಿಮರ ಸಿಕ್ಕವು. ಮರಗಳ ನಡುವೆ ಕಲ್ಲು ಕಟ್ಟಿದ ಒಂದು ಹಳೆಯ ಕುಣಿ ಕೂಡ ಇತ್ತು. ೧೯೮೩ರಲ್ಲಿ ಅವರ ಪುಸ್ತಕ ಬಂತು, ೧೯೯೧ರಲ್ಲಿ ಎರಡನೆಯ ಮುದ್ರಣ. ೧೯೯೬ರಲ್ಲಿ ಆ ಹಳ್ಳಿಯವರು ಕುಣಿಯ ಮೇಲೆ ಗದ್ದುಗೆ ಕಟ್ಟಿ, ಬಿಳಿ ಹಂಚು ಕೂಡಿಸಿ, ‘ಶರಣೆ ಸತ್ಯವ್ವ ತಾಯಿಯ ಸಜೀವ ಸಮಾಧಿ. ಶೋಧಿಸಿದವರು: ಪ್ರೊ. ಅನಂತ ಬೇವೂರ’ ಎಂದು ಬೋರ್ಡು ಹಾಕಿದರು. ಸರ್‌ಗೆ ಶಾಲು ಹೊದಿಸಿದರು.

ನಾನು ಪ್ರಿಯದರ್ಶಿನಿ, ಇಳಕಲ್ಲಿನ ನೇಕಾರರ ಮಗಳು. ೨೦೦೦ನೇ ಇಸವಿಯಲ್ಲಿ ಎಂ.ಫಿಲ್‌ಗೆ ಸೇರಿದಾಗ ಸರ್ ನನ್ನ ಮಾರ್ಗದರ್ಶಕರಾದರು. ಸತ್ಯವ್ವನ ಹಾಡಿನ ಭಾಷೆಯ ಮೇಲೆ ಕೆಲಸ ಮಾಡು ಎಂದವರೂ ಅವರೇ. ವಿದ್ಯಾಗಿರಿಯಲ್ಲಿದ್ದ ಅವರ ಮನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಅವರ ಹೆಂಡತಿ ತುಳಸೀಬಾಯಿಯವರು ನನಗೆ ಅವಲಕ್ಕಿ ಕೊಟ್ಟ ಮೇಲೆಯೇ ಸರ್‌ಗೆ ಪುಸ್ತಕ ತೆಗೆಯಲು ಅಪ್ಪಣೆ. ಹೊಟ್ಟೆ ಹಸಿದ ಹುಡುಗಿಯ ಮುಂದೆ ಛಂದಸ್ಸು ಹೇಳುವುದು ಪಾಪ ಎಂಬುದು ಅವರ ಅಭಿಪ್ರಾಯವಾಗಿತ್ತು.

೨೦೦೧ರ ಬೇಸಿಗೆಗೆ ಇಳಕಲ್ಲಿಗೆ ಹೋದೆ. ನಮ್ಮ ಓಣಿಯಲ್ಲಿ ಆಗ ಕೈಮಗ್ಗ ಉಳಿದದ್ದು ನಾಲ್ಕೋ ಐದೋ ಮನೆಗಳಲ್ಲಿ. ಉಳಿದ ಕಡೆಯೆಲ್ಲ ವಿದ್ಯುತ್ ಮಗ್ಗಗಳು ಬಂದಿದ್ದವು, ಅವುಗಳ ಖಟಖಟದಲ್ಲಿ ಮಾತಾಡಬೇಕಾದರೂ ಒದರಬೇಕು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯೆಲ್ಲ ಒಮ್ಮೆಲೇ ಸುಮ್ಮನಾಯಿತು. ಒಳಗೆ ನನ್ನ ಅಪ್ಪ ವೀರೇಶ ಕುಣಿಮಗ್ಗದಲ್ಲಿ ಕುಳಿತಿದ್ದ. ಅದು ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯುವ ಮಗ್ಗ. ಅವತ್ತು ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಹೂಡಿದ್ದರು. ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ನನ್ನ ಅಜ್ಜಿ ಕಾಳವ್ವ ಮೆಲ್ಲಗೆ ಹಾಡುತ್ತಿದ್ದಳು.

‘ಕುಣಿಯೊಳಗ ಕುಂತು ಕಂಡೆ ನಿನ್ನ, ಕಾಲಡಿಯ ಹಲಗಿಗೆ ಜೀವ ಬಂತವ್ವ.’

ನನ್ನ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ಇನ್ನೊಮ್ಮೆ ಹಾಡು ಎಂದೆ. ಅಜ್ಜಿ ನಾಚಿದಳು. ಹೊಸ ಹಾಸಿನ ದಿನ ತನ್ನ ಅತ್ತೆ ಹಾಡುತ್ತಿದ್ದಳು, ಅದಕ್ಕೇ ತಾನೂ ಹಾಡುತ್ತೇನೆ ಎಂದಳು. ಹಾಗಾದರೆ ನಾನು ಯಾಕೆ ಒಮ್ಮೆಯೂ ಕೇಳಲಿಲ್ಲ ಎಂದರೆ, ಆ ದಿನಗಳಲ್ಲಿ ನೀನು ಸಾಲೆಯಲ್ಲಿ ಇರುತ್ತಿದ್ದೆ ಎಂದಳು.

ಕುಣಿ ಎಂದರೆ ಸಮಾಧಿಯ ಕುಣಿಯಲ್ಲ, ಮಗ್ಗದ ಕುಣಿ. ಕಾಲ ಎಂದರೆ ಯಮನಲ್ಲ, ಹಲಗೆ ತುಳಿಯುವ ಕಾಲು. ಸಾಯುವ ಮಾತೇ ಅಲ್ಲ ಅದು. ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ಹೆದರಿಕೆಯೂ ಆಯಿತು. ಸರ್ ಅವರ ಇಡೀ ಪುಸ್ತಕ ಆ ಒಂದು ಸಾಲಿನ ಮೇಲೆ ನಿಂತಿತ್ತು. ಹದಿನೈದು ದಿನ ನಾನು ಬಾಗಲಕೋಟೆಗೆ ಹೋಗಲಿಲ್ಲ. ಜ್ವರ ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ತುಳಸೀಬಾಯಿಯವರು ಗಾಬರಿಯಾಗಿ ದಿನಾ ಫೋನು ಮಾಡತೊಡಗಿದರು. ಆ ಕಾಳಜಿಗೆ ನಾಚಿಕೊಂಡು ಕೊನೆಗೆ ಹೋದೆ.

ಸರ್ ಪೂರ್ತಿ ಕೇಳಿದರು. ಕಪಾಟಿನಿಂದ ಹದಿನೇಳನೆಯ ಹಾಡಿನ ಫೋಟೋ ತೆಗೆದು, ಭೂತಗನ್ನಡಿ ಹಿಡಿದು, ತೂತಿನ ಮೇಲೆ ಪೆನ್ಸಿಲ್ ತುದಿ ಇಟ್ಟು ಎಣಿಸಿದರು. ಡಿ, ಯ, ಹ, ಲ, ಗಿ, ಗೆ. ಆರು.

“ಬರೋಬ್ಬರಿ ಕೂಡತಾವ,” ಎಂದರು. “ನಂದು ಐದ ಅಕ್ಷರ ಇತ್ತು. ಒಂದು ಅಕ್ಷರದ ಜಾಗಾ ಖಾಲಿ ಉಳೀತಿತ್ತು. ಅದು ನನಗ ಆವಾಗೂ ಗೊತ್ತಿತ್ತು, ಪ್ರಿಯದರ್ಶಿನಿ.”

ಆಮೇಲೆ ಎದ್ದು ಅಂಗಳಕ್ಕೆ ಹೋಗಿ ತುಳಸಿಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದವರು ಕೇಳಿದ್ದು ಒಂದೇ: ಇಳಕಲ್ಲಿಗೆ ಮುಂಜಾನೆಯ ಬಸ್ಸು ಎಷ್ಟಕ್ಕೆ?

ಮರುದಿನ ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಅಪ್ಪ ಕುರ್ಚಿ ಹಾಕಿದರೆ ಬೇಡವೆಂದು ಅಜ್ಜಿಯ ಎದುರು ನೆಲದ ಮೇಲೆ ಕುಳಿತರು. ಅಷ್ಟು ಓದಿದವರ ಮುಂದೆ ಹಾಡಲು ಅಜ್ಜಿಗೆ ದನಿಯೇ ಬರಲಿಲ್ಲ. ಆಗ ಸರ್ ತಮ್ಮ ಪುಸ್ತಕದಿಂದ ಬೇರೊಂದು ಹಾಡು ತೆಗೆದು ಅಪಸ್ವರದಲ್ಲಿ ಹಾಡಿದರು. ಅಜ್ಜಿಗೆ ತಡೆಯಲಾಗಲಿಲ್ಲ. ದಾಟಿ ಹಾಗಲ್ಲ ಎಂದು ತಿದ್ದಿದಳು, ತಿದ್ದುತ್ತ ತಿದ್ದುತ್ತ ಹಾಡತೊಡಗಿದಳು. ಅವಳಿಗೆ ಒಂಬತ್ತು ಹಾಡು ಬರುತ್ತಿದ್ದವು. ಹದಿನೇಳನೆಯದನ್ನು ಸರ್ ಮೂರು ಸಲ ಹಾಡಿಸಿ ಬರೆದುಕೊಂಡರು. ಆಮೇಲೆ ಅಪ್ಪನನ್ನು ಕೇಳಿ, ಪ್ಯಾಂಟು ಮಡಚಿ, ಗೋಡೆ ಹಿಡಿದು ಕುಣಿಗೆ ಇಳಿದರು. ಹಲಗೆಯನ್ನು ಒಮ್ಮೆ ತುಳಿದರು. ಎಳೆಗಳು ಮೇಲೆ ಕೆಳಗೆ ಆದವು. ಅರವತ್ತರ ಹತ್ತಿರದ ಅವರ ಮುಖದಲ್ಲಿ ಆಗ ಕಂಡ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇದರ ಅರ್ಥವೇನು ಎಂದು ಅಜ್ಜಿಯನ್ನು ಕೇಳಿದರು.

“ಅರ್ಥ ನಾ ಏನ ಹೇಳಲ್ರಿ,” ಎಂದಳು ಅಜ್ಜಿ. “ನಮ್ಮತ್ತಿ ಹಿಂಗ ಹಾಡತಿದ್ಲು. ಬ್ಯಾರೆದವರು ಬ್ಯಾರೆ ಹಾಡತಿರಬೇಕು.”

ಆ ಮಾತನ್ನು ಸರ್ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ.

ಬಾಗಲಕೋಟೆಗೆ ಬಂದವಳೇ ಒಂದು ತಿಂಗಳು ಕುಳಿತು ಹೊಸ ಅಧ್ಯಾಯ ಬರೆದೆ. ಸತ್ಯವ್ವ ಇಳಕಲ್ಲಿನ ನೇಕಾರ ಹೆಣ್ಣುಮಗಳು ಎಂದು ಸಾಧಿಸಿದೆ. ಅಜ್ಜಿಯ ಅತ್ತೆ, ಅವಳ ಅತ್ತೆ ಎಂದು ತಲೆಮಾರು ಎಣಿಸಿ ಕಾಲವನ್ನೂ ನಿರ್ಣಯಿಸಿದೆ. ನಮ್ಮ ಓಣಿಯಲ್ಲೇ ಇದ್ದಳು ಎಂದು ಬರೆಯುವುದೊಂದು ಬಾಕಿ ಇತ್ತು. ನಿಜ ಹೇಳುತ್ತೇನೆ, ಅದನ್ನೂ ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದೆ. ನಮ್ಮ ಮಂದಿಯ ಹೆಸರು ಒಂದು ಪುಸ್ತಕದಲ್ಲಿ ಬರುವುದೆಂದರೆ ನನಗೆ ಸಣ್ಣ ಸಂಗತಿಯಾಗಿರಲಿಲ್ಲ.

ಸರ್ ತಿದ್ದಿ ಕೊಟ್ಟ ಪ್ರತಿಯಲ್ಲಿ ಪುಟ ಪುಟಕ್ಕೂ ಕೆಂಪು ಶಾಯಿಯಲ್ಲಿ ಒಂದೇ ಶಬ್ದ ಸೇರಿಸಿದ್ದರು: ಇರಬಹುದು. ಇಳಕಲ್ಲಿನವಳು ಇರಬಹುದು. ನೇಯುವವಳು ಇರಬಹುದು. ನನಗೆ ಸಿಟ್ಟು ಬಂತು. ತಮ್ಮ ಊಹೆ ಬಿದ್ದುಹೋದ ಸಂಕಟಕ್ಕೆ ನನ್ನ ಶೋಧವನ್ನೂ ಎಳೆದು ಕೆಡಹುತ್ತಿದ್ದಾರೆ ಎನ್ನಿಸಿತು.

“ಸಾಲು ಪೂರ್ತಿ ಸಿಕ್ಕಮ್ಯಾಲೂ ಇರಬಹುದು ಅಂತ ಬರೀಬೇಕೇನ್ರಿ ಸರ್?” ಎಂದೆ. “ನಿಮ್ಮ ಪುಸ್ತಕದಾಗ ಎಲ್ಲೂ ಒಂದು ಇರಬಹುದು ಇಲ್ಲ.”

ಅಡಿಗೆಮನೆಯಲ್ಲಿ ತುಳಸೀಬಾಯಿಯವರ ಪಾತ್ರೆಯ ಸಪ್ಪಳ ನಿಂತಿತು. ಸರ್ ನನ್ನ ಮುಖ ನೋಡಿದರು, ಸಿಟ್ಟಾಗಲಿಲ್ಲ. ಒಳಗೆ ಹೋಗಿ ಹಳದಿಗಟ್ಟಿದ ಒಂದು ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. ೧೯೮೩ರ ಮೊದಲ ಮುದ್ರಣ. ನಾವೆಲ್ಲ ಓದಿದ್ದು ಎರಡನೆಯದನ್ನು. ತೆರೆದು ನೋಡಿದೆ. ‘ಸಾಲು ಹೀಗೆ ಇರಬಹುದು.’ ‘ಸಮಾಧಿ ಇರಬಹುದು.’ ‘ಇದೇ ಕುಣಿ ಇರಬಹುದು.’ ಹನ್ನೊಂದು ಕಡೆ ಆ ಶಬ್ದ ಇತ್ತು. ಹನ್ನೊಂದರ ಮೇಲೂ ಪೆನ್ಸಿಲಿನ ಗೆರೆ ಎಳೆದಿತ್ತು.

ಎರಡನೆಯ ಮುದ್ರಣದ ಹೊತ್ತಿಗೆ ಮುದ್ರಣಾಲಯದವರೊಬ್ಬರು ನಗುತ್ತ ಅಂದಿದ್ದರಂತೆ: ಇಷ್ಟು ‘ಇರಬಹುದು’ ಇದ್ದರೆ ಓದುವವರು ನಿಮಗೆ ಏನೂ ಗೊತ್ತಿಲ್ಲ ಅಂದುಕೊಂಡಾರು. ಸರ್ ಮನೆಗೆ ಬಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಹೊಡೆದುಹಾಕಿದರು.

“ಅವರು ಚ್ಯಾಷ್ಟಿ ಮಾಡಿದರು, ತೆಗದಾಂವ ನಾನು,” ಎಂದರು. “ತೆಗೀವಾಗ ಭಾಳ ಹಗುರ ಅನಸ್ತು ನೋಡು. ಊಹಾ ಮಾಡೂದು ತಪ್ಪಲ್ಲ, ಹುಳ ತಿಂದ ಹಾಳಿ ಓದಬೇಕಂದ್ರ ಊಹಾ ಬೇಕ. ಎಂಟು ವರ್ಷ ಅದರ ಜೋಡಿ ಇದ್ದು ಇದ್ದು, ಅದು ನಂದ ಊಹಾ ಅನ್ನೂದ ನನಗ ಮರತುಹೋತು.”

ನಾನು ತಲೆ ತಗ್ಗಿಸಿದೆ. ಆದರೂ ಆ ದಿನ ನಾನು ಒಪ್ಪಲಿಲ್ಲ. ಅವರದು ಊಹೆ, ನನ್ನದು ಸಾಕ್ಷಿ ಎಂದೇ ಒಳಗೊಳಗೆ ಅಂದುಕೊಂಡೆ. ತುಳಸೀಬಾಯಿಯವರು ಚಹಾ ತಂದಿಟ್ಟು, ಗಂಡನ ಕಡೆ ನೋಡದೆ ನನಗೆ ಹೇಳಿದರು: ಆ ಹಳ್ಳಿಗೆ ಹೋಗಿ ಹೇಳಿಬರುವವರೆಗೆ ಇವರಿಗೆ ಅನ್ನ ರುಚಿಸುವುದಿಲ್ಲ, ನೀನೂ ಜೊತೆಗೆ ಹೋಗು.

ಶ್ರಾವಣದ ಒಂದು ಮಂಗಳವಾರ ಹೋದೆವು. ಬಾದಾಮಿಯವರೆಗೆ ಬಸ್ಸು, ಬನಶಂಕರಿಯವರೆಗೆ ಟಂಟಂ, ಆಮೇಲೆ ಸಜ್ಜೆಯ ಹೊಲಗಳ ನಡುವೆ ಕಾಲುದಾರಿ. ದಾರಿಯುದ್ದಕ್ಕೂ ಸರ್ ಏನು ಹೇಳಬೇಕೆಂದು ತಮ್ಮಷ್ಟಕ್ಕೆ ಪಾಠ ಮಾಡಿಕೊಳ್ಳುತ್ತಿದ್ದರು.

ಗದ್ದುಗೆಯ ಹತ್ತಿರ ದುರಗವ್ವ ಕಸ ಗುಡಿಸುತ್ತಿದ್ದಳು. ಐದು ವರ್ಷದಿಂದ ಅಲ್ಲಿ ದಿನಾ ದೀಪ ಹಚ್ಚುತ್ತಿದ್ದವಳು ಅವಳೇ. ಸರ್ ಬಂದ ಸುದ್ದಿ ಕೇಳಿ ಶಿವಪುತ್ರನೂ ಬಂದ. ಮನೆ ಮನೆ ತಿರುಗಿ ಮಂದಿಯನ್ನು ಕೂಡಿಸಿ ಗದ್ದುಗೆ ಕಟ್ಟಿಸಿದವನು, ಬೋರ್ಡನ್ನು ತನ್ನ ಕೈಯಿಂದಲೇ ಬರೆದವನು. ಇನ್ನೊಂದು ಶಾಲು ತರಿಸಲು ಹೊರಟಿದ್ದವನನ್ನು ಸರ್ ತಡೆದು ಕೂಡಿಸಿದರು. ಹುಳ ತಿಂದ ಸಾಲು, ತಾವು ತುಂಬಿದ್ದು, ಇಳಕಲ್ಲಿನಲ್ಲಿ ಕೇಳಿದ್ದು, ಯಾವುದನ್ನೂ ಬಿಡದೆ ಹೇಳಿದರು. ಸತ್ಯವ್ವ ಇಲ್ಲಿ ಸಮಾಧಿಯಾದಳು ಎನ್ನಲು ತಮ್ಮ ಹತ್ತಿರ ಆಧಾರವಿಲ್ಲ ಎಂದರು. ತಪ್ಪು ತಮ್ಮದು ಎಂದು ಕೈ ಮುಗಿದರು.

ಶಿವಪುತ್ರನ ಮುಖ ಕಪ್ಪಾಯಿತು. ಅವನು ಒದರಾಡಲಿಲ್ಲ, ಅದೇ ಹೆಚ್ಚು ನೋಯಿಸಿತು. ಐದು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ನೀವೇ ಭಾಷಣ ಮಾಡಿದಿರಿ, ಆವತ್ತು ಗೊತ್ತಿರಲಿಲ್ಲವೇ ಎಂದು ಕೇಳಿದ. ಗೊತ್ತಿತ್ತು, ಮರೆತಿದ್ದೆ ಎಂದರು ಸರ್. ಶಿವಪುತ್ರ ಎದ್ದು ಹೊಲದ ಕಡೆ ನಡೆದುಬಿಟ್ಟ.

ದುರಗವ್ವ ಮಾತ್ರ ಕಸಬರಿಗೆ ಬದಿಗಿಟ್ಟು ಸರ್ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

“ಸತ್ಯವ್ವ ಅಂಬಾಕಿ ಇದ್ದಳೋ ಇಲ್ಲೋ?” ಎಂದು ಕೇಳಿದಳು.

“ಹಾಡು ಅವ ಅಂದಮ್ಯಾಲ ಹಾಡಿದಾಕಿ ಇದ್ದಿರಬೇಕವ್ವಾ.”

“ಎಲ್ಲಿ ಮಣ್ಣಾದಳು?”

“ನನಗ ಗೊತ್ತಿಲ್ಲ.”

“ಇಲ್ಲೆ ಅಲ್ಲ ಅನ್ನೂದರ ಗೊತ್ತೈತೇನು?”

ಸರ್ ಯೋಚಿಸಿದರು. “ಅದೂ ಗೊತ್ತಿಲ್ಲ,” ಎಂದರು.

“ಮತ್ತ ನಾ ದೀಪ ಹಚ್ಚಾಕಿನ,” ಎಂದಳು ದುರಗವ್ವ. “ನಾವು ಎಲ್ಲಾದಕ್ಕೂ ‘ಅಂತ’ ಅನ್ನಾವರ ಅದೀವಿ. ಭೀಮ ಇಲ್ಲೆ ಉಂಡನಂತ, ಸೀತವ್ವ ಅಲ್ಲೆ ಕುಂತಿದ್ಲಂತ. ಹಂಗ ಇದೂ ಒಂದು. ಬೋರ್ಡಿನ ಮ್ಯಾಲ ‘ಅಂತ’ ಅನ್ನೂದು ಇರಲಿಲ್ಲ, ಅಷ್ಟ ನೋಡ್ರಿ.”

ಸರ್ ನಕ್ಕರು. ಎಷ್ಟೋ ದಿನದ ಮೇಲೆ ಅವರ ನಗೆ ನೋಡಿದೆ. ದುರಗವ್ವ ನಮಗೆ ರೊಟ್ಟಿ, ಪುಂಡಿಪಲ್ಯ ತಿನ್ನಿಸದೆ ಬಿಡಲಿಲ್ಲ. ಸರ್ ಎರಡು ರೊಟ್ಟಿ ಹೆಚ್ಚೇ ತಿಂದರು.

ಕಾರ್ತಿಕದಲ್ಲಿ ಹುನಗುಂದದ ನಮ್ಮ ಚಿಕ್ಕವ್ವನ ಮಗಳು ಸಪ್ನಾಳ ಕುಬಸ ಇತ್ತು. ಬಸುರಿಗೆ ಹಸಿರು ಬಳೆ ಇಡಿಸಲು ಜುಲೇಖಾ ಎಂಬ ಬಳೆಗಾರ್ತಿಯನ್ನು ಕರೆಸಿದ್ದರು. ಎಪ್ಪತ್ತು ದಾಟಿದ ಮುದುಕಿ, ಕೈ ಮಾತ್ರ ಬೆಣ್ಣೆ. ಬಳೆ ಏರಿಸುವಾಗ ಹುಡುಗಿಗೆ ನೋವು ಗೊತ್ತಾಗದಿರಲಿ ಎಂದು ಹಾಡುತ್ತಿದ್ದಳು. ಮೂರನೆಯ ಹಾಡಿಗೆ ನಾನು ಆರತಿ ತಟ್ಟೆ ಕೆಳಗಿಟ್ಟೆ.

‘ಕುಣಿಯೊಳಗ ಕುಂತು ಕಂಡೆ ನಿನ್ನ, ಕಾಲಡಿಯ ನೆಲಕೆಲ್ಲ ಜೀವ ಬಂತವ್ವ.’

ಹಲಗಿ ಇಲ್ಲ, ನೆಲ. ಬೆರಳ ಮೇಲೆ ಎಣಿಸಿದೆ: ಡಿ, ಯ, ನೆ, ಲ, ಕೆ, ಲ್ಲ. ಆರು. ಹುಳ ತಿಂದ ತೂತಿಗೆ ಇದೂ ಬರೋಬ್ಬರಿ ಕೂಡುತ್ತಿತ್ತು. ಹಾಡನ್ನು ತಾಯಿಯಿಂದ ಕಲಿತೆ, ತಾಯಿ ಯಾರೋ ಹೊಲಕ್ಕೆ ಬರುವ ಹೆಣ್ಣುಮಕ್ಕಳಿಂದ ಕಲಿತಿದ್ದಳು ಎಂದಳು ಜುಲೇಖಾ. ಕುಣಿ ಎಂದರೆ ಏನು ಎಂದು ಕೇಳಿದೆ. ಕಾಳು ಇಡುವ ಹಗೇವು, ಬೀಜ ಊರುವ ಕುಣಿ, ಯಾವುದಾದರೂ ಆದೀತು ಎಂದಳು. ಮಗ್ಗದ ಹೆಸರೇ ಅವಳ ಬಾಯಲ್ಲಿ ಬರಲಿಲ್ಲ.

ಆ ರಾತ್ರಿ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಆ ಹಾಡಿನ ಗುರುತು ಹಿಡಿದವಳು ನಾನೊಬ್ಬಳೇ. ಪ್ರಬಂಧ ಟೈಪಾಗಿ ಮುಗಿದಿತ್ತು. ಮುದುಕಿ ತಪ್ಪು ಹಾಡಿದಳು, ನೇಕಾರರ ಹಾಡು ಹೊಲದವರ ಬಾಯಲ್ಲಿ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿರಲೂ ಸಾಕು. ಆದರೆ ನೇಕಾರರ ಬಾಯಲ್ಲೇ ಹೊಲದ ಹಾಡು ಬದಲಾಗಿದ್ದರೆ? ಬನ್ನಿಮರದ ಕೆಳಗೆ ಶಿವಪುತ್ರನ ಮುಂದೆ ಸರ್ ಕೈ ಮುಗಿದು ನಿಂತಿದ್ದು ಕಣ್ಣ ಮುಂದೆ ಬಂತು. ಇಳಕಲ್ಲಿನಲ್ಲಿ ಇಂಥ ಒಂದು ಬೋರ್ಡು ಎದ್ದರೆ ಐದು ವರ್ಷದ ಮೇಲೆ ಅದರ ಮುಂದೆ ನಿಲ್ಲಬೇಕಾದವಳು ನಾನು.

ಸರ್‌ಗೆ ಫೋನು ಮಾಡಿ ಹೇಳಿದೆ. ನಾನು ಸೋತೆ ಎಂದು ಅವರಿಗೆ ಹಿಗ್ಗಾಗಿರಬೇಕು ಎಂದುಕೊಂಡೆ.

“ನೆಲಕೆಲ್ಲ,” ಎಂದರು, ತಾವೇ ರುಚಿ ನೋಡುವವರಂತೆ. “ಎಷ್ಟು ಛಂದ ಅದ ಅಲ್ಲೇನು? ಹಲಗಿನೂ ಛಂದ ಇತ್ತು. ಎರಡೂ ಇರಲಿ, ಪ್ರಿಯದರ್ಶಿನಿ. ನಂದೂ ಕೆಳಗ ಒಂದು ಸಣ್ಣ ಅಕ್ಷರದಾಗ ಹಾಕು, ಯಾಕ ಬಿದ್ದುಹೋತು ಅನ್ನೂದನ್ನೂ ಬರಿ.”

ಹಾಗೆಯೇ ಬರೆದೆ. ಎಲ್ಲವೂ ಇರಬಹುದು ಎಂದರೆ ಗೊತ್ತಾದದ್ದೇನು ಎಂದು ಮೌಖಿಕ ಪರೀಕ್ಷೆಗೆ ಬಂದವರೊಬ್ಬರು ನನ್ನನ್ನು ಕೇಳಿದರು. ಗೊತ್ತಾದದ್ದೂ ಇತ್ತು, ಅದನ್ನು ಹೇಳಿದೆ: ಈ ಹಾಡುಗಳನ್ನು ಒಂದೇ ಪಂಗಡದವರು ಹಾಡಿದ್ದಲ್ಲ, ಮಗ್ಗದ ಮನೆಯಲ್ಲೂ ಬಳೆಗಾರರ ಮನೆಯಲ್ಲೂ ಅವು ಬದುಕಿವೆ, ಮತ್ತು ‘ಕಾಲನ’ ಎನ್ನುವ ಪಾಠ ಆ ತೂತಿಗೆ ಕೂಡುವುದಿಲ್ಲ. ಅವರಿಗೆ ಪೂರ್ತಿ ತೃಪ್ತಿಯಾಗಲಿಲ್ಲ, ಪಾಸು ಮಾಡಿದರು. ಶಿವಪುತ್ರ ಎರಡು ವರ್ಷ ಸರ್ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಬೋರ್ಡು ಕೆಳಗಿಳಿಸಿ ಹೊಸದಾಗಿ ಬರೆದ: ‘ಸತ್ಯವ್ವ ತಾಯಿ ಇಲ್ಲಿ ಇದ್ದಳೆಂದು ಹಿರಿಯರು ಹೇಳುತ್ತಾರೆ.’ ಶೋಧಿಸಿದವರ ಹೆಸರು ಬಿಟ್ಟಿದ್ದ. ಅದರ ಫೋಟೋವನ್ನು ಸರ್‌ಗೆ ಅಂಚೆಯಲ್ಲಿ ಕಳಿಸಿದ, ಪತ್ರವಿರಲಿಲ್ಲ. ಸರ್ ಆ ಫೋಟೋವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

೨೦೦೬ರಲ್ಲಿ ಪುಸ್ತಕದ ಮೂರನೆಯ ಮುದ್ರಣ ಬಂತು. ನನ್ನ ಹೆಸರೂ ಅದರ ಮೇಲಿದೆ. ಆದರೆ ನನಗೆ ಹೆಚ್ಚು ನೆನಪಿರುವುದು ಅದಕ್ಕೂ ಮೊದಲಿನ ಒಂದು ದಿನ, ಸರ್ ಅವರನ್ನು ಹುನಗುಂದಕ್ಕೆ ಜುಲೇಖಾಳ ಮನೆಗೆ ಕರೆದುಕೊಂಡು ಹೋದದ್ದು. ತುಳಸೀಬಾಯಿಯವರೂ ಬಂದಿದ್ದರು. ಮುದುಕಿ ಮೊದಲು ಅವರ ಕೈ ಹಿಡಿದು ಎರಡು ಡಜನ್ ಬಳೆ ಏರಿಸಿದಳು. ಸರ್ ನೋಟ್‌ಬುಕ್ಕು ಬಿಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಹದಿನೇಳನೆಯ ಹಾಡನ್ನು ಹಾಡಿ ಮುಗಿಸಿದ ಮೇಲೆ ಜುಲೇಖಾ, ನಿಮಗೆ ಇವು ಇಷ್ಟೇ ಬೇಕೋ, ಇನ್ನೂ ಹಾಡಲೋ ಎಂದು ಕೇಳಿದಳು. ಎಷ್ಟು ಬರುತ್ತವೆ ಎಂದರು ಸರ್. ಎಣಿಸಿಲ್ಲ ಎಂದಳು. ನಾವ್ಯಾರೂ ಕೇಳದ, ಕಟ್ಟಿನಲ್ಲಿಲ್ಲದ ಹಾಡೊಂದನ್ನು ಶುರು ಮಾಡಿದಳು. ಅದರ ಕೊನೆಗೆ ಸತ್ಯವ್ವನ ಹೆಸರಿರಲಿಲ್ಲ, ‘ಬನದ ತಾಯಿ’ ಮಾತ್ರ ಇತ್ತು. ಅದು ಸತ್ಯವ್ವನದೋ, ಇನ್ನೊಬ್ಬಳದೋ. ಸರ್ ನನ್ನ ಕಡೆ ನೋಡಿದರು, ನಾನು ಅವರ ಕಡೆ. ಇಬ್ಬರೂ ಬರೆದುಕೊಳ್ಳತೊಡಗಿದೆವು. ಬಾಗಲಕೋಟೆಯ ನಾಲ್ಕು ಗಂಟೆಯ ಬಸ್ಸು ಹಾರ್ನು ಹೊಡೆಯುತ್ತ ಹೋದದ್ದು ಕೇಳಿಸಿತು. ಹೋಗಲಿ ಬಿಡಿ, ಇನ್ನೊಂದು ಬರುತ್ತದೆ ಎಂದು ತುಳಸೀಬಾಯಿಯವರು ಚಾಪೆಯ ಮೇಲೆ ಸರಿಯಾಗಿ ಕುಳಿತುಕೊಂಡರು.